ನೀಲಿ ಬಾರದ ಗೋಡೆ

…ಅಥವಾ ಬಟ್ಟೆ ಒದ್ದೆಯಾಗಿರಲೇ ಇಲ್ಲವೇನೋ. ಗೋಡೆಯನ್ನು ಒರೆಸಿದ್ದು ನಾನೋ ಅವ್ವನೋ ಎಂಬುದೇ ನನಗೆ ಖಚಿತವಿಲ್ಲ. ಹಾಗಿರುವಾಗ ಒರೆಸಿದ ಬಟ್ಟೆ ಹೇಗಿತ್ತು ಎಂದು ಆಣೆ ಮಾಡಿ ಹೇಳುವುದು ಹೇಗೆ? ಕಳೆದ ವಾರದವರೆಗೂ ಈ ಪ್ರಶ್ನೆ ನನ್ನ ತಲೆಯಲ್ಲಿರಲಿಲ್ಲ. ಮಣಿಕೊಂಡದ ನಮ್ಮ ಮನೆಯ ಹಿಂದಿನ ಗೋಡೆಗೆ ಮರದ ಡೆಕ್ ಕೂರಿಸಲು ಬಂದವರು ಮಶೀನು ಹಿಡಿದು ಗಿಲಾವು ಕೊರೆದರು, ಧೂಳು ಏಳದಿರಲೆಂದು ಮೇಲೆ ನೀರು ಚಿಮುಕಿಸಿದರು. ಆ ವಾಸನೆ ಎದ್ದಿತು. ಹಸಿ ಸಿಮೆಂಟು, ಹಳೆಯ ಸುಣ್ಣ, ಬಹಳ ದಿನ ಮುಚ್ಚಿಟ್ಟ ಟ್ರಂಕಿನ ಒಳಗಿನಂಥದು ಇನ್ನೇನೋ. ಅದರ ಬೆನ್ನಿಗೇ ಮಿಯಾಪುರದ ಹಳೆಯ ಮನೆ ಬಂತು, ಮೇಲಿನ ಮನೆಯ ಮಾಮಾ ಬಂದರು.

ಮಾಮಾ ನಮಗೆ ರಕ್ತಸಂಬಂಧಿಯಲ್ಲ. ಅಪ್ಪ ಮತ್ತು ಅವರು ನೀರಾವರಿ ಇಲಾಖೆಯಲ್ಲಿ ಜೊತೆಗೆ ಇದ್ದವರು, ಇಬ್ಬರೂ ರಾಯಚೂರು ಕಡೆಯವರು. ಒಂದೇ ನಿವೇಶನದಲ್ಲಿ ಕೆಳಗೆ ನಮ್ಮದು, ಮೇಲೆ ಅವರದು ಎಂದು ಮನೆ ಕಟ್ಟಿಸಿದ್ದರು. ಅಪ್ಪ ಬೇಗ ಹೋಗಿಬಿಟ್ಟರು. ಅವ್ವ ಅವರನ್ನು ಅಣ್ಣಾರ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೆ ಅವರು ಮಾಮಾ, ಅವರ ಹೆಂಡತಿ ಮಾಮಿ. ಗೇಟು ದಾಟಿದರೆ ತೆಲುಗು, ಹಿಂದಿ. ಗೇಟಿನ ಒಳಗೆ ಮಾತ್ರ ನಮ್ಮ ಕನ್ನಡ. ಆಗ ಮೆಟ್ರೊ ಇನ್ನೂ ಓಡುತ್ತಿರಲಿಲ್ಲ. ರಸ್ತೆಯ ನಡುವೆ ಕಂಬಗಳು ಮಾತ್ರ ತಲೆಯ ಮೇಲೆ ಏನೂ ಇಲ್ಲದೆ ನಿಂತಿದ್ದವು, ನಾನು ಅವುಗಳ ಪಕ್ಕದಲ್ಲೇ ಸ್ಕೂಟಿ ಓಡಿಸಿಕೊಂಡು ಮಾದಾಪುರದ ಆಫೀಸಿಗೆ ಹೋಗುತ್ತಿದ್ದೆ.

ಮಾಮಾ ಎಂದರೆ ನನಗೆ ಬಹಳ ಅಕ್ಕರೆ ಇತ್ತು ಎಂದು ಇಲ್ಲಿ ಬರೆಯಬೇಕೆನಿಸುತ್ತದೆ. ಸತ್ತವರ ಬಗ್ಗೆ ಕೈ ತಾನೇ ಹಾಗೆ ಬರೆಯುತ್ತದೆ. ನಿಜ ಹೇಳಬೇಕೆಂದರೆ ಅವರ ಮೇಲೆ ನನಗೆ ಸದಾ ಒಂದು ಅನುಮಾನವಿತ್ತು. ಯಾವುದನ್ನೂ ತಾವೇ ಮುಟ್ಟಿ ನೋಡದೆ ಬಿಡದ ಮನುಷ್ಯ ಅವರು. ಹೇಳದೆ ಕೇಳದೆ ನಮ್ಮ ಸಂಪಿನ ಮುಚ್ಚಳ ತೆರೆದು ಇಣುಕುತ್ತಿದ್ದರು. ನಮ್ಮ ನಲ್ಲಿಯ ಕೆಳಗೆ ಬೆರಳಿಟ್ಟು, "ವಾಶರ್ ಹೋಗೈತಿ ನೋಡವಾ" ಎನ್ನುತ್ತಿದ್ದರು. ಅದು ನಿಜಕ್ಕೂ ಹೋಗಿರುತ್ತಿತ್ತು. ಅದೇ ನನಗೆ ಸಿಟ್ಟು. ನೀರಿನ ವಿಷಯದಲ್ಲಿ ತಪ್ಪದ ಮನುಷ್ಯ ತನ್ನದೇ ಮನೆಯ ಗೋಡೆಯಲ್ಲಿ ಹೇಗೆ ತಪ್ಪಿದ?

ಮಾಮಿಗೆ ಲಕ್ವಾ ಹೊಡೆದ ಮೇಲೆ ಶುರುವಾದದ್ದು ಇದೆಲ್ಲ. ಬಲಗಡೆ ಪೂರಾ ಬಿದ್ದುಹೋಗಿತ್ತು. ಮೆಟ್ಟಿಲಿಳಿಯುವುದು ಆಗದ ಮಾತು. ಮನೆಯ ಹಿಂಭಾಗದ ಕೋಣೆಯಲ್ಲಿ ಮಲಗಿ ಫ್ಯಾನು ನೋಡುವುದಷ್ಟೇ ಉಳಿದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಆಡಿದ ಮೊದಲ ಪೂರ್ತಿ ಮಾತು "ಆಕಾಶ ತೋರಸ್ರಿ" ಎಂದು ಮಾಮಾ ಹೇಳುತ್ತಿದ್ದರು. ಹೌದೋ ಅಲ್ಲವೋ, ಆ ಕೋಣೆಯ ಕಿಟಕಿಯನ್ನು ಬಾಗಿಲು ಮಾಡಿಸಿದರು. ಬಾಗಿಲಿನಾಚೆ ಏನೂ ಇರಲಿಲ್ಲ, ಕೆಳಗೆ ನಮ್ಮ ಹಿತ್ತಿಲು. ಅಲ್ಲಿಗೆ ಒಂದು ಮರದ ಕಟ್ಟೆ ಬೇಕು. ಅದನ್ನು ಮಾಮಾ ಡೆಕ್ ಎನ್ನುತ್ತಿದ್ದರು, ಮಾಮಿ ಕಟ್ಟಿ ಎನ್ನುತ್ತಿದ್ದರು. ಒಂದು ಅಂಚನ್ನು ಹೊತ್ತುಕೊಳ್ಳಲು ಕಬ್ಬಿಣದ ಕಂಬಗಳು ನಮ್ಮ ಹಿತ್ತಿಲಲ್ಲಿ ನಿಲ್ಲಬೇಕಿತ್ತು. ಅವ್ವ ಒಣಗುಹಗ್ಗವನ್ನು ಬಿಚ್ಚಿ ಆಚೆ ಕಟ್ಟಿ ಜಾಗ ಬಿಟ್ಟುಕೊಟ್ಟಳು. ಇನ್ನೊಂದು ಅಂಚು ಗೋಡೆಗೆ. ಗೋಡೆಗೆ ಒಂದು ಉದ್ದನೆಯ ತೊಲೆಯನ್ನು ಒತ್ತಿ, ಬೋಲ್ಟು ಹೊಡೆದು, ಆ ತೊಲೆಯ ಮೇಲೆ ಹಲಗೆಗಳನ್ನು ಕೂರಿಸುವುದು.

ಇಂಥ ಕೆಲಸದಲ್ಲಿ ಕೆಡುವುದೆಲ್ಲ ಆ ತೊಲೆಯ ಹಿಂದೆಯೇ. ಮಳೆಯ ನೀರು ಗೋಡೆಯ ಮೇಲೆ ಇಳಿದು ಬಂದು ತೊಲೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಲ್ಲುತ್ತದೆ, ಬೋಲ್ಟಿನ ತೂತು ಹಿಡಿದು ಒಳಗೆ ಹೋಗುತ್ತದೆ. ಅದಕ್ಕೆ ತೊಲೆಯ ಮೇಲೆ ಗಿಲಾವಿನಲ್ಲಿ ಒಂದು ಗೀರು ಕೊರೆದು, ಅದರೊಳಗೆ ತಗಡಿನ ಪಟ್ಟಿ ತುರುಕಿ, ತೊಲೆಯ ತಲೆ ಮುಚ್ಚುವಂತೆ ಹೊರಕ್ಕೆ ಬಗ್ಗಿಸಬೇಕು. ನೀರು ಪಟ್ಟಿಯ ಮೇಲಿಂದ ಹಾಯ್ದು ಆಚೆ ಬೀಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಮಾಮಾ ಅವರೇ. ಪಟ್ಟಿಯನ್ನು ತಾವೇ ಹೋಗಿ ಆರಿಸಿ ತಂದಿದ್ದರು. ಅಂದರೆ ಅವರಿಗೆ ಎಲ್ಲ ಗೊತ್ತಿತ್ತು. ಇದನ್ನು ನಾನು ಮರೆಯುವುದಿಲ್ಲ.

ಆದರೆ ಗೀರು ಕೊರೆಯಲಿಲ್ಲ. ತೊಲೆ ಕೂತಿತ್ತು, ಬೋಲ್ಟು ಬಿಗಿದಾಗಿತ್ತು. ಬೋಲ್ಟಿನ ತೂತು ಹೊಡೆಯುವಷ್ಟು ಹೊತ್ತು ಮಾಮಿ ಹೇಗೋ ತಡೆದಿದ್ದರು, ಗೀರು ಕೊರೆಯುವ ಮಶೀನು ಶುರು ಮಾಡಿದ ಕೂಡಲೇ ಒಳಗಿನಿಂದ ಕೂಗತೊಡಗಿದರು. ಕೂಗು ಎಂದರೆ ಮಾತಿಲ್ಲದ ಕೂಗು. ಆ ಸದ್ದು ಅವರ ತಲೆಯೊಳಗೆ ಎಲ್ಲಿಗೆ ಹೋಗಿ ಬಡಿಯುತ್ತಿತ್ತೋ. ಮಾಮಾ ಓಡಿಹೋದರು, ಹೊರಗೆ ಬಂದು "ಬಂದ್ ಚೆಯ್ಯಂಡಿ, ಬಂದ್ ಚೆಯ್ಯಂಡಿ" ಎಂದು ತೆಲುಗಿನಲ್ಲಿ ಕೈ ಅಡ್ಡ ಹಿಡಿದರು. ಮಾರನೆಯ ದಿನ ಮತ್ತೆ ನೋಡಿದರು, ಮತ್ತೆ ಕೂಗು. ಆಮೇಲೆ ತೊಲೆಯ ಸಂದಿಗೆ ಸಿಮೆಂಟು ಮೆತ್ತಿ, ಮೇಲೆ ಡಾಂಬರು ಬಳಿದು, ಕೆಲಸ ಮುಗಿಯಿತು ಎಂದರು. ತಗಡಿನ ಪಟ್ಟಿಯನ್ನು ಯಾರೋ ಗುಜರಿಯವನಿಗೆ ಹಾಕಿದರು.

ಮಾಮಿಯನ್ನು ಮೊದಲ ಸಲ ಆ ಕಟ್ಟೆಯ ಮೇಲೆ ಕೂರಿಸಿದ ದಿನ ನಾನು ಹಿತ್ತಿಲಲ್ಲಿದ್ದೆ. ಹಲಗೆಗಳ ಸಂದಿಯಿಂದ ಅವರ ಪಾದದ ಅಡಿಭಾಗ ಕಾಣುತ್ತಿತ್ತು. ಒಂದು ಪಾದ ಅಲ್ಲಾಡುತ್ತಿತ್ತು, ಇನ್ನೊಂದು ಸುಮ್ಮನಿತ್ತು. ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಯಾರು ಏನು ಒಣಹಾಕಿದ್ದಾರೆ ಎಂಬುದೆಲ್ಲ ವಾರದೊಳಗೆ ಅವರಿಗೆ ಬಾಯಿಪಾಠವಾಯಿತು. ಮಾತು ಮರಳಿದ್ದೇ ಅಲ್ಲಿ, ಬೇರೆಯವರ ಸೀರೆಗಳನ್ನು ಆಡಿಕೊಳ್ಳುತ್ತ. ಮೇಲಿಂದ ಅವ್ವನನ್ನು ಕರೆದು, "ನೋಡ್ರಿ, ಮೂರನೇ ಮಜಲಿನಾಕಿ ಇವತ್ತೂ ಅದೇ ಹಸರು ಸೀರಿ" ಎಂದು ನಗುತ್ತಿದ್ದರು. ನಗು ಅರ್ಧ ಬಾಯಿಗೆ ಮಾತ್ರ ಬರುತ್ತಿತ್ತು.

ಮಳೆ ಹಿಡಿಯಿತು. ಅವ್ವ ಮಲಗುವ ಹಿಂದಿನ ಕೋಣೆಯ ಗೋಡೆಯಲ್ಲಿ, ಚಾವಣಿಯ ಕೆಳಗೆ, ಸರಿಯಾಗಿ ಆ ತೊಲೆಯ ನೇರಕ್ಕೆ ಒಂದು ಕಲೆ ಮೂಡಿತು. ಮೊದಲು ಅಂಗೈಯಷ್ಟು. ಆಮೇಲೆ ಬಣ್ಣ ಉಬ್ಬಿತು, ಹಪ್ಪಳದಂತೆ ಎದ್ದು ಉದುರತೊಡಗಿತು, ಅಂಚಿನಲ್ಲಿ ಕಪ್ಪು ಬೂಸು ಹಿಡಿಯಿತು. ಅವ್ವನಿಗೆ ದಮ್ಮು ಶುರುವಾಯಿತು. ಎದ್ದು ಕೂತರೆ ಉಸಿರು, ಮಲಗಿದರೆ ಸೀಟಿ. ಆ ಕೋಣೆ ಬಿಡಿ ಎಂದು ಡಾಕ್ಟರು ಹೇಳಿದರು. ಅವ್ವ ಕೋಣೆ ಬಿಡುವ ಬದಲು ಮೆಟ್ಟಿಲು ಹತ್ತಿದಳು, ನಾನೂ ಹಿಂದೆ ಹೋದೆ.

"ಅಣ್ಣಾರ, ನಿಮ್ಮ ಕಟ್ಟಿ ದಿನಾ ನನಗ ಜಳಕ ಮಾಡಸಾಕತ್ತೈತಿ ನೋಡ್ರಿ."

ಮಾಮಾ ಪೇಪರು ಮಡಿಚಲಿಲ್ಲ. "ನಿಮ್ಮ ಬಾತ್‌ರೂಮಿನ ಪೈಪ್ ಭಾಳ ಹಳೇದಾತು ಅಕ್ಕಾರ. ಮೊದಲ ಅದನ್ನ ತಗಸ್ರಿ."

"ಬಾತ್‌ರೂಮ್ ಆ ತುದಿಗೈತಿ, ಗ್ವಾಡಿ ಈ ತುದಿಗೈತಿ. ನೀರೇನು ಸಿಟಿ ಬಸ್ ಹತ್ತಿ ಬರತೈತೇನ್ರಿ?"

ಒಳಗಿನಿಂದ ಮಾಮಿ ನಕ್ಕ ಸದ್ದು ಕೇಳಿತು. ಮಾಮಾ ಪೇಪರು ಮಡಿಚಿದರು.

"ನೌಕರಿ ಪೂರಾ ನೀರಿನ ಹಿಂದೇ ತಿರುಗೀನ್ರಿ. ಅದು ಬಸ್ಸೂ ಹತ್ತತೈತಿ, ರೈಲೂ ಹತ್ತತೈತಿ." ಆಮೇಲೆ ನನ್ನತ್ತ ತಿರುಗಿ, "ನೀ ಏನವಾ, ಸುಮ್ಕ ನಿಂತಿ? ನಿನ್ನ ಕಂಪ್ಯೂಟರ್‌ದಾಗ ಹಾಕಿ ನೋಡಿಯೇನು?"

"ಅವ್ವಗ ಉಸಿರು ಹಿಡಿಯಾಕತ್ತೈತಿ ಮಾಮಾ," ಎಂದೆ. ನಗೆಯಾಡಲು ನನಗೆ ಮನಸ್ಸಿರಲಿಲ್ಲ. ಡೆಕ್ ಬಿಚ್ಚಿಸಿ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಬಿಚ್ಚದೆ ಆ ತೊಲೆಯ ಹಿಂದೆ ಕೈ ಹಾಕುವಂತಿರಲಿಲ್ಲ, ಬಿಚ್ಚಿ ಸರಿಯಾಗಿ ಕೂರಿಸಬೇಕೆಂದರೆ ಮತ್ತೆ ಮಶೀನು ಬೇಕು, ಮಶೀನಿನ ಸದ್ದಿಗೆ ಮಾಮಿ ತಡೆಯುವುದಿಲ್ಲ. ಬಿಚ್ಚಿದರೆ ಬಿಚ್ಚಿದ ಹಾಗೆಯೇ. ಮಾಮಿ ಮತ್ತೆ ಫ್ಯಾನು ನೋಡುತ್ತ ಮಲಗಬೇಕು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಒಳಗಿದ್ದವರಿಗೂ.

ಮಾಮಾ ಪೇಪರನ್ನು ಪಕ್ಕಕ್ಕಿಟ್ಟರು. ಆಮೇಲೆ ಪರೀಕ್ಷೆಯ ಮಾತು ತೆಗೆದರು. ಕಾಲುವೆಗಳಲ್ಲಿ ಜಿನುಗು ಎಲ್ಲಿಂದ ಬರುತ್ತದೆಂದು ಹುಡುಕಲು ನೀರಿಗೆ ಬಣ್ಣ ಬಿಡುತ್ತಿದ್ದರಂತೆ. "ಮಳಿ ಬಿಡ್ಲಿ. ಗ್ವಾಡಿ ಒಣಗ್ಲಿ. ಮ್ಯಾಲಿಂದ ನಾ ಬಣ್ಣದ ನೀರು ಬಿಡ್ತೀನಿ. ಕೆಳಗ ನಿಮ್ಮ ಗ್ವಾಡ್ಯಾಗ ಬಣ್ಣ ಬಂತಂದ್ರ ನಾಳಿಗೇ ಕಟ್ಟಿ ಬಿಚ್ಚಸ್ತೀನಿ. ಬರಲಿಲ್ಲಂದ್ರ ನೀವು ಪೈಪ್ ತಗಸ್ಬೇಕು. ಆತಿಲ್ರಿ?"

"ಆತು," ಎಂದಳು ಅವ್ವ. ಆ ಮಾತು ಇಷ್ಟು ಬೇಗ ಯಾಕೆ ಬಂತು ಎಂದು ಆಗ ನನಗೆ ಅನಿಸಲಿಲ್ಲ.

ಬಿಸಿಲು ಬಿದ್ದ ಒಂದು ಭಾನುವಾರ ಅದು ನಡೆಯಿತು. ಮಾಮಾ ನೀರಿಗೆ ಕಲಸಲು ಕುಂಕುಮ ಕೇಳಿದ್ದರು. ಅವ್ವ ಒಪ್ಪಲಿಲ್ಲ. "ಕುಂಕುಮ ತಂದು ಗ್ವಾಡಿಗೆ ಸುರುವೋದೇನ್ರಿ, ನಿಮಗೇನು ಬುದ್ಧಿಗಿದ್ಧಿ ಐತೋ ಇಲ್ಲೋ," ಎಂದು ಬೈದು, ಬಟ್ಟೆಗೆ ಹಾಕುವ ನೀಲಿಯ ಪುಡಿಯ ಪೊಟ್ಟಣವನ್ನು ತಾನೇ ತಂದು ಅವರ ಕೈಗಿಟ್ಟಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ಪಷ್ಟವಾಗಿರುವುದರಿಂದಲೇ ಅನುಮಾನ. ಬೇರೆಲ್ಲ ಮಸುಕಾಗಿರುವಾಗ ಇದೊಂದೇ ಯಾಕೆ ಇಷ್ಟು ಹೊಳೆಯುತ್ತದೆ? ಆಮೇಲೆ ನಾನೇ ಉಜ್ಜಿ ಉಜ್ಜಿ ಹೊಳಪು ಕೊಟ್ಟಿದ್ದೇನೋ.

ನಾನು ಮೇಲೆ ಬಂದು ನೋಡುತ್ತೇನೆ ಎಂದೆ. "ಮ್ಯಾಲೆ ನಾ ಅದೀನಿ. ಕೆಳಗ ನೋಡವ್ರು ಬೇಕು," ಎಂದರು ಮಾಮಾ. ಹೋಗಿ ಕಟ್ಟೆಯ ಬಾಗಿಲು ಮುಚ್ಚಿಕೊಂಡರು. ಯಾಕೆ ಮುಚ್ಚಿದರು? ಮಾಮಿಗೆ ಬಿಸಿಲು ಬೀಳಬಾರದೆಂದು ಇರಬಹುದು. ನಾನು ಹಿತ್ತಿಲಿಗೆ ಹೋಗಿ ತಲೆ ಎತ್ತಿದೆ. ಮಗ್ಗಿನಿಂದ ನೀರು ಎರೆಯುವ ಸದ್ದು ಕೇಳಿತು, ಹಲಗೆಗಳ ಸಂದಿಯಿಂದ ನೀಲಿ ಹನಿಗಳು ಕಲ್ಲಿನ ಮೇಲೆ ಬಿದ್ದವು. ಅಂದರೆ ನೀಲಿ ಹಾಕಿದ್ದಂತೂ ನಿಜ. ಆದರೆ ಎಷ್ಟು ಸಲ? ಗೋಡೆಯ ಅಂಚಿಗೆ ಸುರಿದರೋ, ಆಚೆಯ ಅಂಚಿಗೆ ಸುರಿದರೋ? ಕೆಳಗೆ ನಿಂತವರಿಗೆ ಕಾಣುವುದು ಹಲಗೆಯ ಬೆನ್ನು ಮಾತ್ರ.

ಒಳಗೆ ಅವ್ವ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಹೊತ್ತು ಏರಿತು. ಕಲೆ ಹಸಿ ಗೋಡೆಯ ಕಡು ಬಣ್ಣಕ್ಕೆ ತಿರುಗಿತು. ತಿರುಗಿತು ಎಂದು ಈಗ ಬರೆಯುತ್ತಿದ್ದೇನೆ. ಬಳಿಕ ಅದರ ಕೆಳ ಅಂಚಿನಲ್ಲಿ ಒಂದು ಹನಿ ಕಟ್ಟಿತು. ಅವ್ವನೋ ನಾನೋ, ಅಪ್ಪನ ಹಳೆಯ ಬಿಳಿ ಪಂಚೆಯ ತುಂಡಿನಿಂದ ಅದನ್ನು ಒತ್ತಿ ಹಿಡಿದು ನೋಡಿದೆವು. ಬಟ್ಟೆ ಒದ್ದೆ. ಬಣ್ಣವಿಲ್ಲ.

ಇಲ್ಲಿಗೇ ನಾನು ನಿಲ್ಲುವುದು. ಬಟ್ಟೆ ಒದ್ದೆಯಾಗಿದ್ದರೆ ಬಣ್ಣದ ಮಾತೇ ಬೇಕಿರಲಿಲ್ಲ. ಆ ದಿನ ಮಳೆಯಿರಲಿಲ್ಲ, ಒಣಗಿದ್ದ ಗೋಡೆ ಮಾಮಾ ಮೇಲಿಂದ ನೀರು ಸುರಿದ ಹೊತ್ತಿಗೇ ಹಸಿಯಾಯಿತು. ಅಷ್ಟು ಸಾಕಿತ್ತಲ್ಲ? ಹಾಗಿದ್ದೂ ಯಾರೂ ಅದನ್ನು ಎತ್ತಲಿಲ್ಲ ಎಂದರೆ, ಬಹುಶಃ ಬಟ್ಟೆ ಒದ್ದೆಯಾಗಿರಲೇ ಇಲ್ಲ, ಹನಿಯನ್ನು ನಾನು ಆಮೇಲೆ ಸೇರಿಸಿದ್ದೇನೆ. ಅಥವಾ…

ಮಾಮಾ ಕೆಳಗೆ ಬಂದರು. ಬೆರಳುಗಳೆಲ್ಲ ನೀಲಿ, ಉಗುರಿನ ಸಂದಿಯಲ್ಲೂ ನೀಲಿ. ತೋರಿಸಲೆಂದೇ ತೊಳೆಯದೆ ಬಂದ ಹಾಗಿತ್ತು. ಕೋಣೆಯ ಹೊಸ್ತಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಎಲ್ಲವನ್ನೂ ಬೆರಳಿಟ್ಟು ನೋಡುವ ಮನುಷ್ಯ ಆ ದಿನ ಗೋಡೆಯ ಹತ್ತಿರ ಬರಲಿಲ್ಲ.

"ಏನಾತ್ರಿ ಅಕ್ಕಾರ?"

ಅವ್ವ ಪಂಚೆಯ ತುಂಡನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. "ನೀಲಿ ಬಂದಿಲ್ರಿ."

"ಅವ್ವ, ಆದ್ರ ಗ್ವಾಡಿ…" ಎಂದು ನಾನು ಬಾಯಿ ತೆರೆದೆ. ತೆರೆದೆ ಎಂದೇ ನನ್ನ ನಂಬಿಕೆ.

"ನೀಲಿ ಬಂದಿಲ್ಲ ಅಂದ್ನೆಲ್ಲ. ಒಳಗ ಹೋಗಿ ಚಾ ಇಡು."

ನಾನು ಚಹಾ ಇಡಲು ಹೋದೆ. ಅವರಿಬ್ಬರ ನಡುವೆ ಆ ಹೊತ್ತಿನಲ್ಲಿ ಏನಾದರೂ ಮಾತಾಯಿತೋ ಇಲ್ಲವೋ ತಿಳಿಯದು. ಚಹಾ ತಂದಾಗ ಮಾಮಾ ಹೋಗಿಬಿಟ್ಟಿದ್ದರು. ಮೇಲಿಂದ ಮಾಮಿಯ ದನಿ ಕೇಳುತ್ತಿತ್ತು, ಯಾರದೋ ಸೀರೆಯ ಬಣ್ಣದ ಮೇಲೆ ಟೀಕೆ.

ಅವ್ವ ಮಾತಿನಂತೆ ಬಾತ್‌ರೂಮು ಒಡೆಸಿ ಪೈಪು ಬದಲಿಸಿದಳು. ತೆಗೆದ ಪೈಪು ಎಲ್ಲೂ ಸೋರಿದ ಹಾಗಿರಲಿಲ್ಲ. ತನ್ನ ಮಂಚವನ್ನು ಹಾಲಿಗೆ ತಂದುಕೊಂಡು, ಹಿಂದಿನ ಕೋಣೆಗೆ ಹಳೆಯ ಸಾಮಾನು ತುಂಬಿಸಿ ಬಾಗಿಲು ಹಾಕಿದಳು. ಮುಂದಿನ ಮಳೆಗೆ ಕಲೆ ದೊಡ್ಡದಾಯಿತು. ಅದರ ಮಾತನ್ನು ಯಾರೂ ಎತ್ತಲಿಲ್ಲ. ಮಾಮಾ ನಮ್ಮ ಮನೆಗೆ ಬರುವುದು ಕಡಿಮೆ ಮಾಡಿದರು. ಬಂದರೂ ವರಾಂಡದಲ್ಲೇ ನಿಂತು ಹೋಗುತ್ತಿದ್ದರು. ಸಂಪಿನ ಮುಚ್ಚಳ ತೆರೆದು ನೋಡುವುದನ್ನೂ ಬಿಟ್ಟರು. ಆಗ ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ: ಈ ಮನುಷ್ಯ ಮೋಸ ಮಾಡಿದ, ಈಗ ಮುಖ ತಪ್ಪಿಸುತ್ತಾನೆ. ಎದುರಾದಾಗ ಮಾತಾಡಿಸುತ್ತಿದ್ದೆ, ನಗುತ್ತಿರಲಿಲ್ಲ.

ಹೇಗೆ ಮೋಸ ಮಾಡಿದರು ಎಂಬುದು ಮಾತ್ರ ಹೊಳೆದಿರಲಿಲ್ಲ. ಎಷ್ಟೋ ಕಾಲದ ಮೇಲೆ, ಒಂದು ದಿನ ನನ್ನದೇ ಬಿಳಿ ಕುರ್ತಾಗೆ ನೀಲಿ ಕಲಸಿಟ್ಟು ಫೋನಿನಲ್ಲಿ ಮಾತಾಡುತ್ತ ಮರೆತೆ. ತಿರುಗಿ ಬಂದರೆ ಪುಡಿಯೆಲ್ಲ ಬಕೆಟಿನ ತಳಕ್ಕೆ ಕೂತಿತ್ತು, ಮೇಲಿನ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಆ ಪುಡಿ ನೀರಲ್ಲಿ ಕರಗುವುದಿಲ್ಲ, ಕಲಸಿದಷ್ಟು ಹೊತ್ತು ಬರೀ ತೇಲುತ್ತದೆ. ಇಟ್ಟಿಗೆ, ಮರಳು, ಗಿಲಾವು ಅದನ್ನು ಸೋಸಿಕೊಂಡು ಬಿಡುತ್ತವೆ. ನೀರು ಗೋಡೆ ದಾಟುತ್ತದೆ, ನೀಲಿ ದಾಟುವುದಿಲ್ಲ. ಕಾಲುವೆಗೆ ಬಣ್ಣ ಬಿಟ್ಟ ಇಲಾಖೆಯ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೇ? ಬಕೆಟಿನ ಮುಂದೆ ಕೂತು ಅವರನ್ನು ಹಿಡಿದೇಬಿಟ್ಟೆ ಎಂದುಕೊಂಡೆ. ಮರುಕ್ಷಣ ನೆನಪಾಯಿತು, ಅವರು ಕೇಳಿದ್ದು ಕುಂಕುಮ. ನೀಲಿ ತಂದುಕೊಟ್ಟವಳು ಅವ್ವ. ಜೀವನವಿಡೀ ಪಂಚೆ, ಧೋತರಗಳಿಗೆ ನೀಲಿ ಹಾಕುತ್ತ, ತಳಕ್ಕೆ ಕೂರಬಾರದೆಂದು ಕೈಯಾಡಿಸುತ್ತ ಇದ್ದವಳು. ಕುಂಕುಮದ ನೀರೂ ಗೋಡೆ ದಾಟುತ್ತಿತ್ತೋ ಇಲ್ಲವೋ, ಅದೂ ನನಗೆ ತಿಳಿಯದು.

ಹಾಗಾದರೆ ಇಬ್ಬರೂ ಕೂಡಿಯೇ, ಒಂದು ಮಾತೂ ಆಡದೆ, ಮಾಮಿಯ ಕಟ್ಟೆಯನ್ನು ಉಳಿಸಿದರು ಎಂದು ಬರೆದು ಮುಗಿಸಬಹುದು. ಚೆನ್ನಾಗಿ ಕೂರುತ್ತದೆ. ಬೀಗಕ್ಕೆ ಕೀಲಿ ಕೂತ ಹಾಗೆ ಕೂರುತ್ತದೆ. ಇಷ್ಟು ಚೆನ್ನಾಗಿ ಕೂರುವುದನ್ನು ನಾನು ನಂಬುವುದಿಲ್ಲ. ಕುಂಕುಮ ಬಿಟ್ಟರೆ ಮನೆಯಲ್ಲಿ ಇದ್ದ ಒಂದೇ ಬಣ್ಣ ನೀಲಿಯಾಗಿದ್ದರಿಂದ ಅವ್ವ ಅದನ್ನು ಕೊಟ್ಟಿರಬಹುದು. ಪರೀಕ್ಷೆ ಸರಿಯೆಂದೇ ಮಾಮಾ ನಂಬಿರಬಹುದು. ನಾಚಿಕೆಯಿಂದಲ್ಲ, ನನ್ನ ಗಂಟುಮುಖ ನೋಡಲಾರದೆ ಬರುವುದು ಬಿಟ್ಟಿರಬಹುದು.

ಮಾಮಿ ತೀರಿಕೊಂಡ ಮೇಲೆ, ಮನೆಗೆ ಬಂದವರೆಲ್ಲ ಊರಿಗೆ ಮರಳಿದ ವಾರದಲ್ಲೇ, ಮಾಮಾ ಕಟ್ಟೆ ಬಿಚ್ಚಿಸಿದರು. ಯಾರೂ ಕೇಳಿರಲಿಲ್ಲ. ತೊಲೆ ಕಿತ್ತಾಗ ಅದರ ಹಿಂದಿನ ಗಿಲಾವು ಕರಿ ಹಿಟ್ಟಿನಂತೆ ಕೈಗೆ ಬಂತು, ಬೋಲ್ಟುಗಳು ತುಕ್ಕು ಹಿಡಿದು ಕಡ್ಡಿಯಾಗಿದ್ದವು. ಮಾಮಾ ಹಿತ್ತಿಲಲ್ಲಿ ನಿಂತು ನೋಡುತ್ತಿದ್ದರು. ಅವ್ವನೂ ನಿಂತಿದ್ದಳು. "ಅಣ್ಣಾರ, ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ," ಎಂದಳು. ಅವರು ಒಳಗೆ ಬಂದು ಊಟ ಮಾಡಿದರು. ಆ ಗೋಡೆಯನ್ನು ಸರಿಮಾಡಿಸಲೆಂದೇ ಬಿಚ್ಚಿಸಿದರೋ, ಹೆಂಡತಿ ಕೂರುತ್ತಿದ್ದ ಜಾಗ ಖಾಲಿ ಇರುವುದನ್ನು ನೋಡಲಾಗದೆ ಬಿಚ್ಚಿಸಿದರೋ, ನಾನು ಕೇಳಲಿಲ್ಲ. ಆಮೇಲೆ ಮನೆ ಕೈಬದಲಾಯಿತು, ನಾವು ಇತ್ತ ಬಂದೆವು, ಅವರು ಮಗಳ ಊರಿಗೆ ಹೋದರು. ತೀರಿಹೋದ ಸುದ್ದಿ ಫೋನಿನಲ್ಲಿ ಬಂತು. ಹೋಗಲಾಗಲಿಲ್ಲ.

ಮೊನ್ನೆ ನಮ್ಮ ಡೆಕ್ಕಿಗೆ ಪಟ್ಟಿ ತುರುಕಿ, ತೊಲೆಗೂ ಗೋಡೆಗೂ ನಡುವೆ ನೀರು ಬಿದ್ದುಹೋಗಲು ಸಂದಿ ಬಿಟ್ಟು ಕೂರಿಸಿದರು. ಅವ್ವ ಒಳಗಿನಿಂದ ಕುರ್ಚಿ ಎಳೆದುಕೊಂಡು ನೋಡುತ್ತ ಕೂತಿದ್ದಳು. ಕೆಲಸದವರು ಹೋದ ಮೇಲೆ ಕೇಳಿಯೇಬಿಟ್ಟೆ. ಆ ದಿನ ಬಟ್ಟೆ ಒದ್ದೆಯಾಗಿತ್ತಲ್ಲವೇ?

"ಯಾವ ಬಟ್ಟಿ?"

"ಪಂಚೆ ತುಂಡು, ಅವ್ವ. ಗ್ವಾಡಿ ಒರಿಸಿದ್ದು."

"ನೀಲಿ ಐತೇನು ನೋಡು ಅಂದ್ರು, ನೋಡಿದೆ. ಇರಲಿಲ್ಲ. ಮತ್ತೇನು ನೋಡ್ಬೇಕಾಗಿತ್ತು ನಾ?"

"ಮಾಮಾಗ ಗೊತ್ತಿತ್ತೇನು?"

ಅವ್ವ ನನ್ನ ಮುಖವನ್ನೇ ನೋಡಿದಳು. ಸಂಪಿನ ಮುಚ್ಚಳ ತೆರೆದು ಇಣುಕುವವರನ್ನು ನೋಡುವ ಹಾಗೆ. "ಸತ್ತವ್ರನ್ನ ಎಬ್ಬಿಸಿ ಕೇಳ್ತಿಯೇನು? ಭಾಳ ಅನುಮಾನದಾಕಿ ಆದಿ ನೀ," ಎಂದಳು. ಮಾತಿನ ನಡುವೆ ಒಮ್ಮೆ ಉಸಿರಿಗೆ ನಿಂತಳು, ಇನ್ಹೇಲರ್ ಎಳೆದುಕೊಂಡಳು, ಮತ್ತೆ ಹೊರಗೆ ನೋಡಿದಳು.

ಆ ಹಸಿ ಗೋಡೆಯಿಂದಲೇ ಅವಳಿಗೆ ಈ ದಮ್ಮು ಬಂತೋ, ಹೇಗಿದ್ದರೂ ಬರುವುದಿತ್ತೋ ನನಗೆ ಗೊತ್ತಿಲ್ಲ. ಮಾಮಾಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಗೊತ್ತಿದ್ದೂ ಅವ್ವನ ಉಸಿರನ್ನು ಹೆಂಡತಿಯ ಆಕಾಶಕ್ಕೆ ಕೊಟ್ಟರೋ, ಅಥವಾ ಅದನ್ನು ಕೊಟ್ಟವಳು ಅವ್ವನೇ ಆಗಿದ್ದಳೋ, ಅದೂ ನನಗೆ ಗೊತ್ತಿಲ್ಲ.